ಆ ಷೇರು ಹಲಾಲಾ? ಕೊಳ್ಳುವ ಮುಂಚೆ ನೋಡಿಕೊಳ್ಳುವ ಬಗೆ

“ಷೇರು ಮಾರ್ಕೆಟ್ ಹಲಾಲಾ, ಹರಾಮಾ ಉಸ್ತಾದ್?” ಮೊದಲ ಸಂಬಳ ಬಂದ ತಿಂಗಳು ನನ್ನ ತಮ್ಮ ಜುಮಾ ನಮಾಜು ಮುಗಿಸಿ ಹೀಗೆ ಕೇಳಿದ್ದ. ಹಲಾಲ್ ಅಂದರೆ ಧರ್ಮ ಒಪ್ಪಿದ್ದು, ಹರಾಮ್ ಅಂದರೆ ಒಪ್ಪದ್ದು. ಧರ್ಮ ಕಲಿಸುವ ಉಸ್ತಾದರು ತಿರುಗಿ ಕೇಳಿದರು, “ನಮ್ಮೂರ ಸಂತೆ ಹಲಾಲಾ, ಹರಾಮಾ?”

ಸಂತೆಯಲ್ಲಿ ತರಕಾರಿ ಇದೆ, ಒಣಮೀನು ಇದೆ. ಆಚೆ ಮೂಲೆಯಲ್ಲಿ ಕೋಳಿ ಅಂಕದ ಬಾಜಿಯೂ ನಡೆಯುತ್ತದೆ. ಸಂತೆಗೆ ಹೋದದ್ದು ತಪ್ಪಲ್ಲ. ಅಲ್ಲಿ ಏನು ಕೊಂಡೆ, ಹೇಗೆ ಕೊಂಡೆ, ಯಾರ ದುಡ್ಡಿನಲ್ಲಿ ಕೊಂಡೆ ಅನ್ನುವುದು ಮುಖ್ಯ. ಷೇರು ಪೇಟೆಗೂ ಇದೇ ಮಾತು.

ನಾನು ಮಂಗಳೂರಿನಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ಬರೆಯುವ ಕೆಲಸ ಮಾಡುತ್ತೇನೆ. ಫತ್ವಾ ಕೊಡುವ ಓದು ನನ್ನದಲ್ಲ. ಆದರೆ ಕಂಪನಿಯ ಆಸ್ತಿ, ಸಾಲದ ಪಟ್ಟಿಯಾದ ಬ್ಯಾಲೆನ್ಸ್ ಶೀಟ್ ಓದಲು ಬರುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿರುವವರ ಹತ್ತಿರ ಕೇಳಿ ಕಲಿತಿದ್ದೇನೆ. ನಾನೂ ತಮ್ಮನೂ ಹೂಡಿಕೆ ಮಾಡುವ ಮುಂಚೆ ಏನೇನು ನೋಡುತ್ತೇವೋ ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ನಾಲ್ಕು ಮಾತು ಗೊತ್ತಿರಲಿ

ಒಂದು, ರಿಬಾ. ಅಂದರೆ ಬಡ್ಡಿ. ಅಲ್ಲಾಹನು ವ್ಯಾಪಾರವನ್ನು ಹಲಾಲ್ ಮಾಡಿದ್ದಾನೆ, ಬಡ್ಡಿಯನ್ನು ಹರಾಮ್ ಮಾಡಿದ್ದಾನೆ ಎಂದು ಕುರ್‌ಆನಿನ ಎರಡನೇ ಅಧ್ಯಾಯದ 275ನೇ ವಚನ ನೇರವಾಗಿ ಹೇಳುತ್ತದೆ. ವ್ಯಾಪಾರದಲ್ಲಿ ಲಾಭ ಮಾಡುವುದಕ್ಕೆ ಇಸ್ಲಾಂ ಅಡ್ಡಿ ಮಾಡಿಲ್ಲ. ಪ್ರವಾದಿಯವರೇ (ಸ) ಮುಂದೆ ತಮ್ಮ ಪತ್ನಿಯಾದ ಖದೀಜಾರ (ರ) ಬಂಡವಾಳದಲ್ಲಿ ವ್ಯಾಪಾರ ಮಾಡಿದವರು.

ಎರಡು, ಗರರ್. ಏನು ಸಿಗುತ್ತದೆ, ಸಿಗುತ್ತದೋ ಇಲ್ಲವೋ ಎಂದೇ ಗೊತ್ತಿಲ್ಲದ ವ್ಯವಹಾರ. ಶ್ರೀನಿವಾಸಪುರದ ಕಡೆ ಮಾವಿನ ತೋಪು ಹೂವು ಬಿಟ್ಟಾಗಲೇ ವ್ಯಾಪಾರಿಗೆ ಹೋಗುವುದುಂಟು. ಒಂದು ಆಲಿಕಲ್ಲು ಮಳೆ ಬಂದರೆ ದುಡ್ಡು ಕೊಟ್ಟವನಿಗೆ ಬರಿಗೈ. ಹಣ್ಣು ಬಲಿಯುವ ಲಕ್ಷಣ ಕಾಣುವ ಮುಂಚೆ ಮಾರಬೇಡಿ ಎಂದು ಹದೀಸ್‌ನಲ್ಲಿ, ಅಂದರೆ ಪ್ರವಾದಿಯವರ (ಸ) ಮಾತುಗಳ ದಾಖಲೆಯಲ್ಲಿ, ಇರುವುದು ಇದಕ್ಕೇ.

ಮೂರು, ಮೈಸಿರ್. ಅಂದರೆ ಜೂಜು. ಒಬ್ಬ ಕಳೆದುಕೊಂಡರೆ ಮಾತ್ರ ಇನ್ನೊಬ್ಬನಿಗೆ ಸಿಗುವ ಆಟ.

ನಾಲ್ಕನೆಯದನ್ನು ಜನ ಮರೆಯುತ್ತಾರೆ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದೂ ಅದೇ. ‘ಅಲ್ ಖರಾಜು ಬಿದ್ದಮಾನ್’ ಎಂಬ ನಿಯಮ. ನಷ್ಟದ ಹೊಣೆ ಹೊತ್ತವನಿಗೇ ಲಾಭದ ಹಕ್ಕು ಎಂದು ಅರ್ಥ. ಕರಾವಳಿಯಲ್ಲಿ ನಾಲ್ಕು ಜನ ಪಾಲು ಹಾಕಿ ದೋಣಿ ಇಳಿಸುತ್ತಾರೆ. ಮೀನು ಸಿಕ್ಕಿದರೆ ಪಾಲು, ಬಲೆ ಹರಿದರೂ ಪಾಲು. ಷೇರು ಅಂದರೆ ಆ ದೋಣಿಯ ಪಾಲೇ. ಮುಂದಿನ ಪ್ರತಿ ಹೆಜ್ಜೆಯಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನನ್ನ ಕೈಯಲ್ಲಿ ನಿಜವಾಗಿ ಒಂದು ಪಾಲು ಇದೆಯಾ, ನಷ್ಟವಾದರೆ ಅದು ನನ್ನದಾ?

ಹೆಜ್ಜೆ 1: ದುಡ್ಡು ಯಾರದ್ದು?

ಬಡ್ಡಿ ಸಾಲ ತಂದು ಹಲಾಲ್ ಷೇರು ಕೊಂಡರೆ ಆಗುವುದಿಲ್ಲ. ಪರ್ಸನಲ್ ಲೋನ್, ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಮೊದಲು ಅದನ್ನು ತೀರಿಸಿ.

ಬ್ರೋಕರ್ ಆ್ಯಪ್‌ಗಳಲ್ಲಿ ‘ಎಂಟಿಎಫ್’ ಅಂತ ಒಂದು ಬಟನ್ ಇರುತ್ತದೆ. ಮಾರ್ಜಿನ್ ಟ್ರೇಡಿಂಗ್ ಫೆಸಿಲಿಟಿ. ಷೇರಿನ ಬೆಲೆಯ ಒಂದು ಭಾಗ ನೀವು ಕೊಟ್ಟು ಉಳಿದದ್ದನ್ನು ಬ್ರೋಕರ್ ಹಾಕುತ್ತಾನೆ. ದಿನಕ್ಕಿಷ್ಟು ಅಂತ ಬಡ್ಡಿ ಬೀಳುತ್ತದೆ. ಇದು ಸಾಲ, ಬೇರೇನೂ ಅಲ್ಲ. ಖರೀದಿ ಮಾಡುವಾಗ ಆ ಬಟನ್ ಒತ್ತಿಲ್ಲವೆಂದು ಪ್ರತಿ ಸಲ ನೋಡಿಕೊಳ್ಳಿ. ಕಣ್ತಪ್ಪಿ ಒತ್ತಿಹೋಗುವುದು ತುಂಬಾ ಸುಲಭ.

ಹೆಜ್ಜೆ 2: ಕೊಳ್ಳುತ್ತಿರುವುದು ಪಾಲಾ, ಸಾಲಾ?

ಒಂದೇ ಆ್ಯಪ್‌ನಲ್ಲಿ ಷೇರು, ಬಾಂಡ್, ಡಿಬೆಂಚರ್, ಎಫ್‌ಡಿ ಎಲ್ಲ ಒಟ್ಟಿಗೆ ಕಾಣುತ್ತವೆ. ಸಾಮಾನ್ಯ ಈಕ್ವಿಟಿ ಷೇರು ಕಂಪನಿಯ ಪಾಲು. ಬಾಂಡ್ ಮತ್ತು ಡಿಬೆಂಚರ್ ಕಂಪನಿಗೆ ಕೊಟ್ಟ ಸಾಲ, ಅದರ ಮೇಲೆ ಬರುವುದು ಬಡ್ಡಿ. ಪ್ರಿಫರೆನ್ಸ್ ಷೇರಿಗೆ ಷೇರು ಅಂತ ಹೆಸರಿದ್ದರೂ ನಿಗದಿತ ಡಿವಿಡೆಂಡ್ (ಲಾಭಾಂಶ) ಇರುತ್ತದೆ, ಹಾಗಾಗಿ ವಿದ್ವಾಂಸರು ಅದೂ ಬೇಡ ಎನ್ನುತ್ತಾರೆ. ಡೆಟ್ ಫಂಡ್, ಲಿಕ್ವಿಡ್ ಫಂಡ್ ಕೂಡ ಸಾಲದ ಗುಂಪಿಗೇ ಸೇರಿದವು.

ಪಿಎಫ್ ಬಗ್ಗೆ ಸಂಬಳದವರು ತಪ್ಪದೆ ಕೇಳುತ್ತಾರೆ. ಕಡ್ಡಾಯವಾಗಿ ಮುರಿದುಕೊಂಡ ದುಡ್ಡು ನೌಕರನ ಕೈಗೆ ಬಂದೇ ಇಲ್ಲ, ಹಾಗಾಗಿ ಅದಕ್ಕೆ ಸೇರಿ ಬರುವ ಹೆಚ್ಚುವರಿ ಹಣ ಸಂಬಳದ್ದೇ ಭಾಗ ಎಂದು ದೇವಬಂದ್ ಪರಂಪರೆಯ ಅನೇಕ ಉಲಮಾಗಳು (ಧರ್ಮ ವಿದ್ವಾಂಸರು) ಹೇಳುತ್ತಾರೆ. ನಾವೇ ಇಷ್ಟಪಟ್ಟು ಜಾಸ್ತಿ ಕಟ್ಟುವ ಭಾಗಕ್ಕೆ ಈ ಸಡಿಲಿಕೆ ಕೊಡುವುದಿಲ್ಲ.

ಹೆಜ್ಜೆ 3: ಕಂಪನಿ ಮಾಡುವ ಕೆಲಸ ಏನು?

ಇದು ಬೇಗ ಮುಗಿಯುವ ಹೆಜ್ಜೆ. ಬ್ಯಾಂಕ್, ಬಡ್ಡಿ ಮೇಲೆ ಸಾಲ ಕೊಡುವ ಫೈನಾನ್ಸ್ ಕಂಪನಿ, ಮಾಮೂಲಿ ಇನ್ಶೂರೆನ್ಸ್, ಮದ್ಯ, ಸಿಗರೇಟು, ಹಂದಿ ಮಾಂಸ, ಜೂಜು, ಅಶ್ಲೀಲ ಮನರಂಜನೆ ಇವೆಲ್ಲ ಇಲ್ಲೇ ಹೊರಗೆ. ನಮ್ಮ ರಾಜ್ಯದಲ್ಲೇ ಹುಟ್ಟಿದ ಹೆಸರುಗಳು ಅಂತ ಅಭಿಮಾನ ಇರಬಹುದು. ಆದರೂ ಕೆನರಾ ಬ್ಯಾಂಕ್, ಕರ್ಣಾಟಕ ಬ್ಯಾಂಕ್, ಯುನೈಟೆಡ್ ಬ್ರೂವರೀಸ್ ಷೇರುಗಳು ಈ ಸೋಸುವಿಕೆಯಲ್ಲಿ ನಿಲ್ಲುವುದಿಲ್ಲ. ಸಾಫ್ಟ್‌ವೇರ್, ಔಷಧಿ, ವಾಹನ, ಸಿಮೆಂಟು, ಬಟ್ಟೆ, ರಾಸಾಯನಿಕ ಕಂಪನಿಗಳು ಮುಂದಿನ ಹೆಜ್ಜೆಗೆ ಹೋಗುತ್ತವೆ.

ಹೋಟೆಲ್ ಕಂಪನಿಗಳಲ್ಲಿ ಸ್ವಲ್ಪ ನಿಧಾನಿಸಿ. ರೂಮು ಬಾಡಿಗೆ ಸರಿ, ಆದರೆ ಬಾರ್‌ನಿಂದ ಎಷ್ಟು ಆದಾಯ ಬರುತ್ತದೆ ಅನ್ನುವುದನ್ನು ವಾರ್ಷಿಕ ವರದಿಯಲ್ಲಿ ಹುಡುಕಬೇಕು.

ಹೆಜ್ಜೆ 4: ಲೆಕ್ಕಪುಸ್ತಕ ಬಿಚ್ಚಿ

ಇಲ್ಲಿ ಹೊತ್ತು ಬೇಕು. ಬಹಳ ಜನ ಸುಮ್ನೆ ಬಿಟ್ಟುಬಿಡುವುದೂ ಇದನ್ನೇ.

ಸಾಫ್ಟ್‌ವೇರ್ ಮಾಡುವ ಕಂಪನಿಯೂ ಉಳಿದ ದುಡ್ಡನ್ನು ಬ್ಯಾಂಕಿನಲ್ಲಿ ಇಟ್ಟು ಬಡ್ಡಿ ತೆಗೆದುಕೊಳ್ಳುತ್ತದೆ. ಸಿಮೆಂಟು ಕಂಪನಿ ಬಡ್ಡಿ ಸಾಲದಲ್ಲಿ ಕಾರ್ಖಾನೆ ಕಟ್ಟಿರುತ್ತದೆ. ಹಾಗಾದರೆ ಪೂರ್ತಿ ಶುದ್ಧವಾದ ಕಂಪನಿ ಎಲ್ಲಿದೆ? ಈ ಪ್ರಶ್ನೆಗೆ ವಿದ್ವಾಂಸರಲ್ಲೇ ಎರಡು ದಾರಿ ಇದೆ. ಜಿದ್ದಾದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ (ಧರ್ಮಶಾಸ್ತ್ರ) ಅಕಾಡೆಮಿ 1992ರಲ್ಲಿ ಮಾಡಿದ ತೀರ್ಮಾನ ಬಿಗಿಯಾಗಿದೆ. ಮೂಲ ಕೆಲಸ ಹಲಾಲ್ ಆಗಿದ್ದರೂ ಆಗೀಗ ಬಡ್ಡಿ ವ್ಯವಹಾರ ಮಾಡುವ ಕಂಪನಿಯಲ್ಲಿ ಪಾಲು ತೆಗೆದುಕೊಳ್ಳದಿರುವುದೇ ಮೂಲ ನಿಯಮ ಎಂದು ಅದು ಹೇಳಿತು. ಬಹ್ರೈನ್‌ನಲ್ಲಿರುವ ಅಯೋಫಿ ಎಂಬ ಸಂಸ್ಥೆ ಇಸ್ಲಾಮಿಕ್ ಹಣಕಾಸಿಗೆ ಮಾನದಂಡ ಬರೆಯುತ್ತದೆ. ಬಡ್ಡಿ ತಪ್ಪೇ ಎಂದು ಒಪ್ಪಿಕೊಂಡು, ತಪ್ಪಿಸಿಕೊಳ್ಳಲಾಗದ ಈ ಕಾಲದಲ್ಲಿ ಅದಕ್ಕೊಂದು ಮಿತಿ ಹಾಕಿದೆ. ಬಿಗಿ ದಾರಿ ಹಿಡಿದವರನ್ನು ಯಾರೂ ಹಿಂದುಳಿದವರು ಅಂತ ಅನ್ನಬಾರದು. ಅವರಿಗೂ ಗಟ್ಟಿ ಆಧಾರ ಇದೆ. ನಾನು ಎರಡನೇ ದಾರಿಯಲ್ಲಿ ನಡೆಯುತ್ತಿದ್ದೇನೆ, ಉಸ್ತಾದರನ್ನು ಕೇಳಿಯೇ.

ಅಯೋಫಿಯ ಮಿತಿಗಳು ಮೂರು. ಬಡ್ಡಿ ಸಾಲ ಕಂಪನಿಯ ಮಾರುಕಟ್ಟೆ ಮೌಲ್ಯದ (ಎಲ್ಲ ಷೇರುಗಳ ಪೇಟೆ ಬೆಲೆ ಕೂಡಿಸಿದ ಮೊತ್ತ) 30%ಕ್ಕಿಂತ ಹೆಚ್ಚಿರಬಾರದು. ಬಡ್ಡಿ ಬರುವ ಠೇವಣಿ ಕೂಡ 30%ದ ಒಳಗೇ ಇರಬೇಕು. ಹರಾಮ್ ಮೂಲದ ಆದಾಯ ಒಟ್ಟು ಆದಾಯದ 5% ದಾಟಬಾರದು. ಡೌ ಜೋನ್ಸ್ ಇಸ್ಲಾಮಿಕ್ ಸೂಚ್ಯಂಕ (ಆಯ್ದ ಕಂಪನಿಗಳ ಬೆಲೆಯ ಏರಿಳಿತ ತೋರಿಸುವ ಅಂಕಿ) 33% ಮಿತಿ ಇಟ್ಟುಕೊಂಡಿದೆ. ಮೂರನೇ ಒಂದು ಎಂಬ ಲೆಕ್ಕಕ್ಕೆ ಒಂದು ಹದೀಸ್‌ನ ಹೋಲಿಕೆ ಕೊಡುತ್ತಾರೆ. ಪ್ರವಾದಿಯವರ ಸಂಗಾತಿ ಸಅದ್ ಬಿನ್ ಅಬೀ ವಕ್ಕಾಸ್ (ರ) ತಮ್ಮ ಆಸ್ತಿಯನ್ನು ದಾನ ಬರೆಯಲು ಹೊರಟಾಗ, ಮೂರನೇ ಒಂದು ಸಾಕು, ಅದೇ ಜಾಸ್ತಿ ಎಂದು ಪ್ರವಾದಿಯವರು (ಸ) ಹೇಳಿದ್ದರು. ಆ ಮಾತು ಬಂದದ್ದು ಉಯಿಲಿನ ವಿಷಯದಲ್ಲಿ. ಷೇರಿಗೆ ಅದನ್ನು ಹೋಲಿಕೆಯಾಗಿ ಮಾತ್ರ ತಂದಿದ್ದಾರೆ ಅನ್ನುವುದು ಗೊತ್ತಿರಲಿ.

ಈಗ ಒಂದು ಲೆಕ್ಕ ಮಾಡೋಣ. ಹೆಸರಿಲ್ಲದ ಒಂದು ಕಂಪನಿ ತೆಗೆದುಕೊಳ್ಳಿ. ಮಾರುಕಟ್ಟೆ ಮೌಲ್ಯ 5,000 ಕೋಟಿ. ಬ್ಯಾಲೆನ್ಸ್ ಶೀಟ್‌ನಲ್ಲಿ ‘ಬಾರೋಯಿಂಗ್ಸ್’ ಎಂಬ ಸಾಲು ಎರಡು ಕಡೆ ಇರುತ್ತದೆ, ದೀರ್ಘಾವಧಿ ಸಾಲ ಒಂದು ಕಡೆ, ಅಲ್ಪಾವಧಿ ಇನ್ನೊಂದು ಕಡೆ. ಎರಡನ್ನೂ ಕೂಡಿಸಿ. 1,200 ಕೋಟಿ ಬಂತು ಅಂದುಕೊಳ್ಳಿ. 24% ಆಯಿತು, ಪಾಸು. ಬ್ಯಾಂಕ್ ಠೇವಣಿ ಮತ್ತು ಬಾಂಡ್ ಹೂಡಿಕೆ 900 ಕೋಟಿ. ಅದು 18%, ಪಾಸು. ಇನ್ನು ಲಾಭ ನಷ್ಟದ ಪಟ್ಟಿಯಲ್ಲಿ ‘ಅದರ್ ಇನ್‌ಕಮ್’ ಅಂತ ಒಂದು ಸಾಲಿದೆ. ಅದರ ಟಿಪ್ಪಣಿ ಸಂಖ್ಯೆ ಹಿಡಿದು ಹಿಂದಿನ ಪುಟಗಳಿಗೆ ಹೋದರೆ ಬಡ್ಡಿ ಆದಾಯ ಎಷ್ಟು ಎಂದು ಬಿಡಿಸಿ ಬರೆದಿರುತ್ತಾರೆ. ಒಟ್ಟು ಆದಾಯ 2,000 ಕೋಟಿಯಲ್ಲಿ ಬಡ್ಡಿ 40 ಕೋಟಿ ಇದ್ದರೆ 2%. ಅದೂ ಪಾಸು.

ಇದೇ ಕಂಪನಿಯ ಷೇರು ಬಿದ್ದು ಮಾರುಕಟ್ಟೆ ಮೌಲ್ಯ 3,500 ಕೋಟಿಗೆ ಇಳಿಯಿತು ಅಂದುಕೊಳ್ಳಿ. ಸಾಲ ಒಂದು ರೂಪಾಯಿಯೂ ಹೆಚ್ಚಿಲ್ಲ. ಆದರೂ ಲೆಕ್ಕ 34%ಕ್ಕೆ ಹೋಯಿತು, ಫೇಲು. ಇದು ನನ್ನನ್ನು ಬಹಳ ದಿನ ಕಾಡಿದ ವಿಷಯ. ಪೇಟೆಯ ಮೂಡ್ ಬದಲಾದರೆ ಹಲಾಲ್ ಹರಾಮ್ ಬದಲಾಗುತ್ತದಾ? ಇದಕ್ಕೇ ಕೆಲವು ಸಂಸ್ಥೆಗಳು 24 ತಿಂಗಳ ಸರಾಸರಿ ಮೌಲ್ಯ ತೆಗೆದುಕೊಳ್ಳುತ್ತವೆ. ಮುಂಬೈಯ ತಾಸಿಸ್ ಎಂಬ ಶರಿಯಾ ಸಲಹಾ ಸಂಸ್ಥೆ ಮಾರುಕಟ್ಟೆ ಮೌಲ್ಯ ಬಿಟ್ಟು ಕಂಪನಿಯ ಒಟ್ಟು ಆಸ್ತಿಯ ಜೊತೆ ಸಾಲವನ್ನು ತೂಗುತ್ತದೆ, ಅದರ ಮಿತಿ 25%. ಲೆಕ್ಕ ಬರೆಯುವವಳಾಗಿ ನನ್ನ ಮನಸ್ಸು ಒಟ್ಟು ಆಸ್ತಿಯ ಕಡೆಗೇ ಇದೆ. ಅದು ಪೇಟೆಯ ಗಾಳಿಗೆ ಅಲುಗಾಡುವುದಿಲ್ಲ. ನೀವು ಯಾವುದನ್ನಾದರೂ ಹಿಡಿಯಿರಿ, ಆದರೆ ಎಲ್ಲ ಕಂಪನಿಗೂ ಒಂದೇ ಅಳತೆ ಇರಲಿ. ಈ ಕಂಪನಿಗೆ ಒಂದು ಪಟ್ಟಿ, ಆ ಕಂಪನಿಗೆ ಇನ್ನೊಂದು ಪಟ್ಟಿ ಅಂತ ಹುಡುಕಲು ಶುರು ಮಾಡಿದರೆ ನಮಗೆ ಬೇಕಾದ ಉತ್ತರವನ್ನು ನಾವೇ ತಯಾರು ಮಾಡಿಕೊಂಡ ಹಾಗೆ ಆಗುತ್ತದೆ.

ವರ್ಷಕ್ಕೆ ಎರಡು ಸಲವಾದರೂ ಮತ್ತೆ ನೋಡಿ. ನಿನ್ನೆ ಪಾಸಾದ ಕಂಪನಿ ದೊಡ್ಡ ಸಾಲ ಮಾಡಿ ಬೇರೆ ಕಂಪನಿ ಕೊಂಡಿರಬಹುದು.

ಇಷ್ಟೆಲ್ಲ ನೋಡಲು ಹೊತ್ತಿಲ್ಲವಾ?

ಹಾಗಿದ್ದರೆ ಯಾರೋ ಸೋಸಿಟ್ಟದ್ದನ್ನು ತೆಗೆದುಕೊಳ್ಳಬಹುದು. ಎನ್‌ಎಸ್‌ಇ, ಬಿಎಸ್‌ಇ ದೇಶದ ಎರಡು ದೊಡ್ಡ ಷೇರು ವಿನಿಮಯ ಕೇಂದ್ರಗಳು. ಎನ್‌ಎಸ್‌ಇಯಲ್ಲಿ ನಿಫ್ಟಿ 50 ಶರಿಯಾ, ನಿಫ್ಟಿ 500 ಶರಿಯಾ ಎಂಬ ಸೂಚ್ಯಂಕಗಳಿವೆ. ಬಿಎಸ್‌ಇ 2010ರಲ್ಲಿ ತಾಸಿಸ್ ಜೊತೆ ಸೇರಿ ಶರಿಯಾ 50 ಸೂಚ್ಯಂಕ ತಂದಿತು. ಇಂಥ ಸೂಚ್ಯಂಕಗಳಲ್ಲಿರುವ ಕಂಪನಿಗಳ ಪಟ್ಟಿ ಎಲ್ಲರಿಗೂ ನೋಡಲು ಸಿಗುತ್ತದೆ.

ಮ್ಯೂಚುವಲ್ ಫಂಡ್‌ಗಳಲ್ಲಿ ಟಾಟಾ ಎಥಿಕಲ್ ಫಂಡ್ ಮತ್ತು ಟಾರಸ್ ಎಥಿಕಲ್ ಫಂಡ್ ಶರಿಯಾ ಸೋಸುವಿಕೆಯ ಮೇಲೆ ನಡೆಯುತ್ತವೆ. ಮೊದಲನೆಯದು 1996ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದ ಯೋಜನೆ, ಆಮೇಲೆ ಎಥಿಕಲ್ ಆಯಿತು. ಎರಡನೆಯದು 2009ರದ್ದು. ಷೇರಿನ ಹಾಗೆ ಪೇಟೆಯಲ್ಲೇ ಕೊಳ್ಳುವ ಫಂಡ್, ಅಂದರೆ ಇಟಿಎಫ್ ಬೇಕೆಂದರೆ ನಿಪ್ಪಾನ್ ಇಂಡಿಯಾದ ನಿಫ್ಟಿ 50 ಶರಿಯಾ ಬೀಸ್ ಇದೆ. ಅದರಲ್ಲಿ ವಹಿವಾಟು ಕಡಿಮೆ. ಹಾಗಾಗಿ ಪೇಟೆಯ ಬೆಲೆ ಮತ್ತು ಅದರ ನಿಜ ಮೌಲ್ಯ ಎರಡನ್ನೂ ಹೋಲಿಸಿ ನೋಡಿ, ಬೆಲೆಯನ್ನು ನೀವೇ ಗೊತ್ತುಮಾಡುವ ಲಿಮಿಟ್ ಆರ್ಡರ್‌ನಲ್ಲೇ ಕೊಳ್ಳಿ. ಯಾವುದರಲ್ಲಿ ಲಾಭ ಜಾಸ್ತಿ ಎಂದು ನಾನು ಹೇಳುತ್ತಿಲ್ಲ. ಖರ್ಚಿನ ಪ್ರಮಾಣ ನೋಡಿ ನೀವೇ ತೀರ್ಮಾನಿಸಿ.

ಮಾಮೂಲಿ ನಿಫ್ಟಿ ಇಂಡೆಕ್ಸ್ ಫಂಡ್ ತೆಗೆದುಕೊಂಡರೆ ಆಗದಾ ಎಂದು ಕೇಳುವವರಿದ್ದಾರೆ. ಎನ್‌ಎಸ್‌ಇಯ ಐವತ್ತು ದೊಡ್ಡ ಕಂಪನಿಗಳ ಸೂಚ್ಯಂಕವಾದ ನಿಫ್ಟಿ 50ರ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಬ್ಯಾಂಕ್ ಮತ್ತು ಹಣಕಾಸು ಕಂಪನಿಗಳದ್ದೇ. ಆಗುವುದಿಲ್ಲ.

ಹೆಜ್ಜೆ 5: ಕೊಳ್ಳುವ ರೀತಿ

ಒಳ್ಳೆಯ ಕಂಪನಿ ಆರಿಸಿದ ಮೇಲೂ ಎಡವುವ ಜಾಗ ಇದು. ತಮ್ಮನೂ ಇಲ್ಲೇ ಎಡವಿದ್ದ.

ಆರ್ಡರ್ ಹಾಕುವಾಗ ‘ಡೆಲಿವರಿ’ ಅಥವಾ ‘ಇಂಟ್ರಾಡೇ’ ಅಂತ ಕೇಳುತ್ತದೆ. ಡೆಲಿವರಿ ಅಂದರೆ ಪೂರ್ತಿ ದುಡ್ಡು ಕೊಟ್ಟು ಷೇರನ್ನು ನಿಮ್ಮ ಡಿಮ್ಯಾಟ್ ಖಾತೆಗೆ (ಷೇರು ಇಡುವ ಖಾತೆ) ತರಿಸಿಕೊಳ್ಳುವುದು. 2023ರ ಜನವರಿಯಿಂದ ನಮ್ಮ ದೇಶದಲ್ಲಿ ಎಲ್ಲ ಷೇರುಗಳೂ ಕೊಂಡ ಮರುದಿನ ಖಾತೆಗೆ ಬರುತ್ತವೆ. ಸೋಮವಾರ ಕೊಂಡದ್ದು ಮಂಗಳವಾರ ಬರುತ್ತದೆ. ನಡುವೆ ರಜೆ ಇದ್ದರೆ ಮುಂದಿನ ಕೆಲಸದ ದಿನ. ಇದರಲ್ಲಿ ತಕರಾರಿಲ್ಲ.

ಇಂಟ್ರಾಡೇಯಲ್ಲಿ ಬೆಳಿಗ್ಗೆ ಹತ್ತಕ್ಕೆ ಕೊಂಡು ಮಧ್ಯಾಹ್ನ ಎರಡಕ್ಕೆ ಮಾರುತ್ತಾರೆ. ಆ ಷೇರು ಡಿಮ್ಯಾಟ್‌ಗೆ ಬಂದೇ ಇಲ್ಲ. ಕೊಂಡದ್ದಕ್ಕೂ ಮಾರಿದ್ದಕ್ಕೂ ವಜಾ ಹಾಕಿ ಬೆಲೆಯ ವ್ಯತ್ಯಾಸ ಮಾತ್ರ ಕೈಗೆ ಬರುತ್ತದೆ. ಜೊತೆಗೆ ಬ್ರೋಕರ್ ಕೊಡುವ ಮಾರ್ಜಿನ್ ಇರುತ್ತದೆ, ಅಂದರೆ ನಿಮ್ಮಲ್ಲಿ ಇಲ್ಲದ ದುಡ್ಡಿನ ವ್ಯಾಪಾರ. ಕೊಂಡ ಧಾನ್ಯವನ್ನು ವಶಕ್ಕೆ ತೆಗೆದುಕೊಳ್ಳುವ ಮುಂಚೆ ಮಾರಬೇಡಿ ಎಂಬ ಹದೀಸ್ ಇದೆ. ಕರಾವಳಿಯ ನಾವು ಹೆಚ್ಚಾಗಿ ಶಾಫಿ ಮದ್ಹಬಿನವರು (ಮದ್ಹಬ್ ಅಂದರೆ ಧರ್ಮಶಾಸ್ತ್ರದ ಪಂಥ), ಘಟ್ಟದ ಮೇಲಿನವರು ಹೆಚ್ಚಾಗಿ ಹನಫಿ. ಇಂಥ ಸರಕನ್ನು ವಶಕ್ಕೆ ಬರುವ ಮುಂಚೆ ಮಾರಬಾರದು ಅನ್ನುವುದರಲ್ಲಿ ಎರಡೂ ಮದ್ಹಬುಗಳು ಒಂದೇ ಕಡೆ ಇವೆ. ಪಾಕಿಸ್ತಾನದ ಮುಫ್ತಿ ತಖೀ ಉಸ್ಮಾನಿ ಕೂಡ ಡೆಲಿವರಿಗೆ ಮುಂಚೆ ಮಾರುವುದನ್ನು ಒಪ್ಪುವುದಿಲ್ಲ. ಎಕ್ಸ್‌ಚೇಂಜ್ ಖಾತ್ರಿ ಇರುವುದರಿಂದ ಖರೀದಿ ಆದ ಕ್ಷಣವೇ ಲಾಭ ನಷ್ಟದ ಹೊಣೆ ನಮ್ಮ ಮೇಲೆ ಬರುತ್ತದೆ, ಅದೇ ವಶಕ್ಕೆ ಬಂದ ಹಾಗೆ ಎಂದು ಹೇಳುವ ಕೆಲವು ವಿದ್ವಾಂಸರೂ ಇದ್ದಾರೆ. ನನಗೆ ಮೊದಲನೆಯದೇ ಸರಿ ಅನಿಸುತ್ತದೆ. ಒಂದು ದಿನ ಕಾಯುವುದರಿಂದ ಹೂಡಿಕೆ ಮಾಡುವವನಿಗೆ ಏನೂ ಹೋಗುವುದಿಲ್ಲ.

ಇವತ್ತು ಕೊಂಡು ನಾಳೆ ಮಾರುವ ‘ಬಿಟಿಎಸ್‌ಟಿ’ಗೂ ಇದೇ ತೊಡಕು. ಡಿಮ್ಯಾಟ್‌ಗೆ ಬಂದ ಮೆಸೇಜ್ ನೋಡಿದ ಮೇಲೇ ಮಾರಿ. ಇಲ್ಲದ ಷೇರನ್ನು ಮೊದಲು ಮಾರಿ ಆಮೇಲೆ ಕೊಳ್ಳುವ ಶಾರ್ಟ್ ಸೆಲ್ಲಿಂಗ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಿನ್ನ ಬಳಿ ಇಲ್ಲದ್ದನ್ನು ಮಾರಬೇಡ ಎಂದು ಹಕೀಮ್ ಬಿನ್ ಹಿಜಾಮ್ (ರ) ಅವರಿಗೆ ಪ್ರವಾದಿಯವರು (ಸ) ಹೇಳಿದ ಮಾತು ನೇರವಾಗಿ ಇದಕ್ಕೆ ತಾಗುತ್ತದೆ. ಗಲ್ಫ್‌ನಲ್ಲಿರುವ ನಮ್ಮವರಿಗೆ ಒಂದು ಮಾತು: ಎನ್‌ಆರ್‌ಐಗಳು ಇಲ್ಲಿನ ಷೇರುಗಳಲ್ಲಿ ಇಂಟ್ರಾಡೇ ಮಾಡಲು ಕಾನೂನೇ ಬಿಡುವುದಿಲ್ಲ.

ಇನ್ನು ಫ್ಯೂಚರ್ಸ್ ಮತ್ತು ಆಪ್ಷನ್ಸ್. ಮುಂದಿನ ಒಂದು ದಿನದ ವ್ಯಾಪಾರಕ್ಕೆ ಇವತ್ತೇ ಬೆಲೆ ಗೊತ್ತುಮಾಡುವ ಒಪ್ಪಂದ ಫ್ಯೂಚರ್ಸ್. ಹಾಗೆ ಕೊಳ್ಳುವ ಅಥವಾ ಮಾರುವ ಹಕ್ಕನ್ನು ಮಾತ್ರ ದುಡ್ಡು ಕೊಟ್ಟು ಪಡೆಯುವುದು ಆಪ್ಷನ್ಸ್. ಹುಡುಗರು ಇವತ್ತು ಟ್ರೇಡಿಂಗ್ ಅಂದರೆ ಇದನ್ನೇ ಅಂದುಕೊಳ್ಳುತ್ತಾರೆ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಫ್ಯೂಚರ್ಸ್ ಪರವಾಗಿ ಒಂದು ವಾದ ಇದೆ. ಇಸ್ಲಾಮಿನಲ್ಲಿ ‘ಸಲಮ್’ ಎಂಬ ಮುಂಗಡ ವ್ಯಾಪಾರಕ್ಕೆ ಅನುಮತಿ ಇದೆಯಲ್ಲ, ಇದೂ ಹಾಗೆಯೇ ಅಲ್ವಾ ಎನ್ನುತ್ತಾರೆ. ಅಲ್ಲ. ಮದೀನಾದ ಜನ ಎರಡು ಮೂರು ವರ್ಷದ ಮುಂಚೆಯೇ ಖರ್ಜೂರಕ್ಕೆ ದುಡ್ಡು ಕೊಡುತ್ತಿದ್ದರು. ಪ್ರವಾದಿಯವರು (ಸ) ಅದಕ್ಕೆ ಅಳತೆ, ತೂಕ, ದಿನ ಮೂರೂ ಗೊತ್ತಾಗಿರಬೇಕೆಂಬ ಕಟ್ಟು ಹಾಕಿದರು. ಸಲಮ್‌ನಲ್ಲಿ ಪೂರ್ತಿ ಬೆಲೆಯನ್ನು ಮೊದಲೇ ಕೊಡಬೇಕು. ರೈತನಿಗೆ ಗೊಬ್ಬರಕ್ಕೂ ಕೂಲಿಗೂ ದುಡ್ಡು ಸಿಗಲಿ ಅನ್ನುವುದೇ ಅದರ ಉದ್ದೇಶ. ಫ್ಯೂಚರ್ಸ್‌ನಲ್ಲಿ ಇವತ್ತು ಸರಕೂ ಕೈ ಬದಲಾಗುವುದಿಲ್ಲ, ಪೂರ್ತಿ ದುಡ್ಡೂ ಕೈ ಬದಲಾಗುವುದಿಲ್ಲ. ಎರಡೂ ಕಡೆ ಬರೀ ಮಾತು. ಷೇರುಗಳ ಫ್ಯೂಚರ್ಸ್‌ನಲ್ಲಿ ಈಗ ಕೊನೆಗೆ ನಿಜವಾದ ಷೇರನ್ನೇ ಕೊಡಬೇಕೆಂಬ ನಿಯಮ ಬಂದಿದೆ, ನಿಜ. ಆದರೆ ಆ ದಿನದವರೆಗೆ ಉಳಿಸಿಕೊಳ್ಳದೆ ಬೆಲೆ ವ್ಯತ್ಯಾಸ ಪಡೆದು ಹೊರಬರುವವರೇ ಜಾಸ್ತಿ. ನಿಫ್ಟಿ, ಬ್ಯಾಂಕ್ ನಿಫ್ಟಿಯಲ್ಲಂತೂ ಕೊಡಲು ಸರಕೇ ಇಲ್ಲ, ಬರೀ ಅಂಕಿ.

ಆಪ್ಷನ್ಸ್ ಬಗ್ಗೆ ಜಿದ್ದಾ ಅಕಾಡೆಮಿಯ 1992ರ ಅದೇ ತೀರ್ಮಾನ ಸ್ಪಷ್ಟವಾಗಿದೆ. ಪೇಟೆಗಳಲ್ಲಿ ಈಗ ನಡೆಯುವ ರೀತಿಯ ಆಪ್ಷನ್ ಒಪ್ಪಂದಕ್ಕೆ ಅನುಮತಿ ಇಲ್ಲ. ಕೊಳ್ಳುವ ಹಕ್ಕು ಒಂದು ಸರಕಲ್ಲ, ಅದನ್ನು ಮಾರಲು ಬರುವುದಿಲ್ಲ ಎಂಬುದು ಕಾರಣ. ಮಲೇಷ್ಯಾದಲ್ಲಿ ಇಂಥ ಕೆಲವು ಒಪ್ಪಂದಗಳಿಗೆ ಅಲ್ಲಿನ ಶರಿಯಾ ಮಂಡಳಿ ಒಪ್ಪಿಗೆ ಕೊಟ್ಟಿದೆ. ಅದು ಅಲ್ಲಿನ ಕಟ್ಟುಪಾಡುಗಳ ಒಳಗಿನ ಮಾತು. ನಮ್ಮ ಹುಡುಗರು ಗುರುವಾರಕ್ಕೋ ಮಂಗಳವಾರಕ್ಕೋ ಮುಗಿಯುವ ಆಪ್ಷನ್ ಕೊಳ್ಳುವುದಕ್ಕೆ ಅದನ್ನು ಪರವಾನಗಿ ಮಾಡಿಕೊಳ್ಳಬಾರದು.

ಧರ್ಮದ ಮಾತು ಸ್ವಲ್ಪ ಬದಿಗಿಟ್ಟು ಲೆಕ್ಕವನ್ನೇ ನೋಡಿ. ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರಿನಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಅದರ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಆಪ್ಷನ್ಸ್ ಆಡಿದ ಸಾಮಾನ್ಯ ಜನರಲ್ಲಿ 93% ಮಂದಿ ದುಡ್ಡು ಕಳೆದುಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮಿಗಿಲು. ಷೇರುಗಳ ಇಂಟ್ರಾಡೇಯಲ್ಲೂ 2022–23ರಲ್ಲಿ ಹತ್ತರಲ್ಲಿ ಏಳು ಜನಕ್ಕೆ ನಷ್ಟ. ತಮ್ಮ ಕಳೆದುಕೊಂಡದ್ದು ನಾಲ್ಕು ತಿಂಗಳ ಸಂಬಳ. ಮನೆಯಲ್ಲಿ ಹೇಳಲು ಅವನಿಗೆ ಇನ್ನೂ ಎರಡು ತಿಂಗಳು ಬೇಕಾಯಿತು. ಇದನ್ನು ಅವನೇ ಬರೆಯಲು ಹೇಳಿದ್ದಾನೆ.

ಚಿನ್ನ, ಫಾರೆಕ್ಸ್, ಕ್ರಿಪ್ಟೋ

ಚಿನ್ನ ಮತ್ತು ದುಡ್ಡಿನ ವಿನಿಮಯ ಕೈಯಿಂದ ಕೈಗೆ, ಅಲ್ಲೇ ಆಗಬೇಕು. ಚಿನ್ನದ ನಾಣ್ಯ ಕೊಂಡು ಮನೆಗೆ ತಂದರೆ ಸಮಸ್ಯೆ ಇಲ್ಲ. ಸರ್ಕಾರದ ಸಾವರಿನ್ ಗೋಲ್ಡ್ ಬಾಂಡ್‌ಗೆ ವರ್ಷಕ್ಕೆ 2.5% ಬಡ್ಡಿ ಇದೆ, ಹಾಗಾಗಿ ಅದು ಬೇಡ. ಗೋಲ್ಡ್ ಇಟಿಎಫ್‌ನಲ್ಲಿ ಹಿಂದೆ ನಿಜವಾದ ಚಿನ್ನ ಇರುತ್ತದೆ. ಅಯೋಫಿ 2016ರಲ್ಲಿ ಚಿನ್ನಕ್ಕೆಂದೇ ಬೇರೆ ಮಾನದಂಡ ತಂದಿದೆ. ಅದರ ಷರತ್ತುಗಳು ಆ ಫಂಡ್‌ಗೆ ಹೊಂದುತ್ತವೆಯೇ ಎಂದು ವಿಚಾರಿಸಿ ಮುಂದುವರಿಯಿರಿ.

ಮೊಬೈಲಿನಲ್ಲಿ ಬರುವ ಫಾರೆಕ್ಸ್ (ವಿದೇಶಿ ಕರೆನ್ಸಿ ವ್ಯಾಪಾರ) ಜಾಹೀರಾತುಗಳಲ್ಲಿ ‘ಇಸ್ಲಾಮಿಕ್ ಅಕೌಂಟ್’ ಅಂತ ಬರೆದಿರುತ್ತಾರೆ. ರಾತ್ರಿಯ ಬಡ್ಡಿ ತೆಗೆದಿದ್ದೇವೆ ಅನ್ನುವುದಷ್ಟೇ ಅದರ ಅರ್ಥ. ವೇದಿಕೆಯವರು ಒಂದಕ್ಕೆ ನೂರು ಪಟ್ಟು ಸಾಲ ಕೊಟ್ಟು, ಆ ಸಾಲದಲ್ಲಿ ತಮ್ಮ ಹತ್ತಿರವೇ ವ್ಯಾಪಾರ ಮಾಡಿಸುವುದು ಹಾಗೇ ಉಳಿದಿದೆ. ಕರೆನ್ಸಿ ಕೈಗೂ ಬರುವುದಿಲ್ಲ. ಅನುಮತಿ ಇಲ್ಲದ ಇಂಥ ವೇದಿಕೆಗಳ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ ಪ್ರಕಟಿಸುತ್ತದೆ. ಅಲ್ಲಿ ಹೋದ ದುಡ್ಡಿಗೆ ಇಲ್ಲಿನ ಕಾನೂನಿನ ರಕ್ಷಣೆಯೂ ಇರುವುದಿಲ್ಲ.

ಬಿಟ್‌ಕಾಯಿನ್‌ನಂಥ ಡಿಜಿಟಲ್ ನಾಣ್ಯಗಳಾದ ಕ್ರಿಪ್ಟೋದಲ್ಲಿ ಒಮ್ಮತ ಇಲ್ಲ. ಈಜಿಪ್ಟಿನ ಗ್ರ್ಯಾಂಡ್ ಮುಫ್ತಿ 2018ರಲ್ಲಿ ಬಿಟ್‌ಕಾಯಿನ್ ಹರಾಮ್ ಎಂದರು. ಇಂಡೋನೇಷ್ಯಾದ ಉಲಮಾ ಮಂಡಳಿ 2021ರಲ್ಲಿ ಕ್ರಿಪ್ಟೋವನ್ನು ಹಣವಾಗಿ ಬಳಸುವುದು ಹರಾಮ್ ಎಂದಿತು. ಮಲೇಷ್ಯಾದಲ್ಲಿ 2020ರಲ್ಲಿ ನೋಂದಾಯಿತ ಎಕ್ಸ್‌ಚೇಂಜ್‌ಗಳ ವ್ಯಾಪಾರಕ್ಕೆ ಒಪ್ಪಿಗೆ ಸಿಕ್ಕಿತು. ವಿದ್ವಾಂಸರೇ ಇಷ್ಟು ದೂರ ದೂರ ನಿಂತಿರುವ ಕಡೆ ನಾನು ಮನೆಯ ದುಡ್ಡು ಇಡುವುದಿಲ್ಲ.

ಹೆಜ್ಜೆ 6: ‘ಹಲಾಲ್’ ಎಂಬ ಬೋರ್ಡ್ ಕಂಡರೆ ಇನ್ನೂ ಜಾಗ್ರತೆ

ನಮ್ಮ ಉಮ್ಮನ (ತಾಯಿಯ) ನಾಲ್ಕು ಬಳೆ ಹೋದದ್ದು ಷೇರು ಪೇಟೆಯಲ್ಲಲ್ಲ. ಹಲಾಲ್ ಲಾಭ ಕೊಡುತ್ತೇವೆ ಎಂದು ಮನೆ ಬಾಗಿಲಿಗೆ ಬಂದ ಒಂದು ಕಂಪನಿಯಲ್ಲಿ. ಹೆಸರು ಬೇಡ. ಬಂದವರು ನಮಾಜಿಗಳು, ಸಲಾಂ ಹೇಳಿ ಒಳಗೆ ಬಂದವರು. ತಿಂಗಳಿಗೆ ಲಕ್ಷಕ್ಕೆ ಇಷ್ಟು ಎಂದು ಮೊದಲೇ ಹೇಳಿದ್ದರು, ಹದಿನಾಲ್ಕು ತಿಂಗಳು ಕೊಟ್ಟರು. ಬ್ಯಾಂಕಿನ ಬಡ್ಡಿ ಬೇಡವೆಂದೇ ಉಮ್ಮ ಬಳೆ ಮಾರಿ ಅಲ್ಲಿ ಹಾಕಿದ್ದರು. ಅಲ್ಲಾಹನಿಗೆ ಹೆದರಿ ಮಾಡಿದ ಕೆಲಸದಲ್ಲೇ ಮೋಸ ಹೋದೆನಲ್ಲ ಎಂದು ಅತ್ತರು. ಆ ಅಳು ನನಗೆ ಮರೆಯುವುದಿಲ್ಲ.

ಬೆಂಗಳೂರಿನ ಐಎಂಎ ಪ್ರಕರಣ ಎಲ್ಲರಿಗೂ ನೆನಪಿದೆ. ಹಲಾಲ್ ಹೂಡಿಕೆಯ ಹೆಸರಿನಲ್ಲಿ ತಿಂಗಳು ತಿಂಗಳು ಲಾಭ ಹಂಚಿದ ಸಂಸ್ಥೆ ಅದು. 2019ರ ಜೂನ್‌ನಲ್ಲಿ ಅದರ ಮುಖ್ಯಸ್ಥ ದೇಶ ಬಿಟ್ಟು ಹೋದ, ಜುಲೈನಲ್ಲಿ ದೆಹಲಿಯಲ್ಲಿ ಬಂಧನವಾಯಿತು, ಆಮೇಲೆ ತನಿಖೆ ಸಿಬಿಐಗೆ ಹೋಯಿತು. 40 ಸಾವಿರಕ್ಕೂ ಹೆಚ್ಚು ಜನ ದೂರು ಕೊಟ್ಟರು. ಶಿವಾಜಿನಗರದ ಸುತ್ತಮುತ್ತ ಮಗಳ ಮದುವೆಗೆಂದು, ಹಜ್‌ಗೆಂದು ಕೂಡಿಟ್ಟ ದುಡ್ಡು ಅದರಲ್ಲಿತ್ತು.

ಇಂಥದ್ದನ್ನು ಗುರುತಿಸಲು ನಷ್ಟದ ಹೊಣೆಯ ಆ ನಾಲ್ಕನೇ ಮಾತೇ ಸಾಕು. ಪಾಲು ವ್ಯಾಪಾರದಲ್ಲಿ ಲಾಭವನ್ನು ಪ್ರಮಾಣದಲ್ಲಿ ಹೇಳಬೇಕು, ಬಂದ ಲಾಭದಲ್ಲಿ ಅರ್ಧ, ಮೂರನೇ ಒಂದು ಅಂತ. ಹಾಕಿದ ದುಡ್ಡಿಗೆ ತಿಂಗಳಿಗೆ ಇಷ್ಟು ಅಂತ ನಿಗದಿ ಮಾಡಿದರೆ ಅದು ಮುದಾರಬಾ (ಒಬ್ಬರ ಬಂಡವಾಳ, ಇನ್ನೊಬ್ಬರ ದುಡಿಮೆ) ಅಲ್ಲ, ಮುಶಾರಕಾ (ಎಲ್ಲರೂ ಬಂಡವಾಳ ಹಾಕುವ ಪಾಲುದಾರಿಕೆ) ಅಲ್ಲ. ಹೆಸರು ಏನೇ ಇಡಲಿ, ಅದು ಬಡ್ಡಿಯೇ. ಹಾಗಾಗಿ ನೇರವಾಗಿ ಕೇಳಿ: “ನಷ್ಟವಾದರೆ ಯಾರದ್ದು? ಯಾವ ವ್ಯಾಪಾರ? ಆಡಿಟ್ ಆದ ಲೆಕ್ಕ ತೋರಿಸಿ.” ಬಂಡವಾಳಕ್ಕೂ ಗ್ಯಾರಂಟಿ, ಲಾಭಕ್ಕೂ ಗ್ಯಾರಂಟಿ ಎಂದರೆ ಎದ್ದು ಬನ್ನಿ.

ಕಾಗದವನ್ನೂ ನೋಡಿ. ಸೆಬಿಯಲ್ಲಿ ನೋಂದಣಿ ಇದೆಯಾ ಎಂದು ಸೆಬಿಯ ವೆಬ್‌ಸೈಟ್‌ನಲ್ಲೇ ಹುಡುಕಿ, ಅವರು ತೋರಿಸುವ ಸರ್ಟಿಫಿಕೇಟ್ ಫೋಟೊ ನಂಬಬೇಡಿ. ಠೇವಣಿ ತೆಗೆದುಕೊಳ್ಳುತ್ತಿದ್ದರೆ ರಿಸರ್ವ್ ಬ್ಯಾಂಕಿನ ‘ಸಚೇತ್’ ಪೋರ್ಟಲ್‌ನಲ್ಲಿ ವಿಚಾರಿಸಬಹುದು, ದೂರನ್ನೂ ಅಲ್ಲೇ ಕೊಡಬಹುದು. ಮಸೀದಿಯ ಹಿರಿಯರೊಬ್ಬರು ಹಾಕಿದ್ದಾರೆ ಅನ್ನುವುದು ನೋಂದಣಿ ಅಲ್ಲ. ಮೌಲಾನಾ ಒಬ್ಬರು ಉದ್ಘಾಟನೆಗೆ ಬಂದಿದ್ದರು ಅನ್ನುವುದೂ ಆಡಿಟ್ ಅಲ್ಲ. ಅವರೂ ನಂಬಿ ಬಂದಿರುತ್ತಾರೆ.

ಹೆಜ್ಜೆ 7: ಬಂದದ್ದನ್ನು ಶುದ್ಧ ಮಾಡುವುದು

4ನೇ ಹೆಜ್ಜೆಯಲ್ಲಿ ಪಾಸಾದ ಕಂಪನಿಯಲ್ಲೂ ಸ್ವಲ್ಪ ಬಡ್ಡಿ ಆದಾಯ ಇತ್ತಲ್ಲ, ಅದು ನಮಗೆ ಸೇರಿದ್ದಲ್ಲ. ಸುಲಭದ ದಾರಿ ಹೀಗಿದೆ. ಬಡ್ಡಿ ಆದಾಯ ಒಟ್ಟು ಆದಾಯದ 2% ಇದ್ದು, ನಿಮಗೆ 3,000 ರೂಪಾಯಿ ಡಿವಿಡೆಂಡ್ ಬಂದಿದ್ದರೆ 60 ರೂಪಾಯಿ ತೆಗೆದಿಡಿ. ಅಯೋಫಿಯ ದಾರಿ ಇನ್ನೂ ಬಿಗಿ. ಡಿವಿಡೆಂಡ್ ಬರಲಿ ಬಿಡಲಿ, ಕಂಪನಿಯ ಬಡ್ಡಿ ಆದಾಯವನ್ನು ಒಟ್ಟು ಷೇರುಗಳಿಂದ ಭಾಗಿಸಿ ನಿಮ್ಮ ಪಾಲು ಕೊಡಬೇಕು. 40 ಕೋಟಿ ಬಡ್ಡಿ, 20 ಕೋಟಿ ಷೇರು ಇದ್ದರೆ ಷೇರಿಗೆ 2 ರೂಪಾಯಿ. ನಿಮ್ಮ ಹತ್ತಿರ 100 ಷೇರು ಇದ್ದರೆ 200 ರೂಪಾಯಿ.

ಈ ದುಡ್ಡು ಬಡವರಿಗೆ ಹೋಗಬೇಕು. ಇದನ್ನು ಸದಕಾ (ದಾನ) ಎಂದು ಎಣಿಸಬಾರದು, ಪುಣ್ಯ ಬಯಸಿ ಕೊಡಬಾರದು, ವರ್ಷಕ್ಕೊಮ್ಮೆ ಕೊಡಲೇಬೇಕಾದ ಜಕಾತ್‌ಗೆ ವಜಾ ಹಾಕಲೂಬಾರದು. ಉಳಿತಾಯ ಖಾತೆಯ ಬಡ್ಡಿಗೂ ನಾವು ಇದನ್ನೇ ಮಾಡುತ್ತೇವೆ.

ಹೆಜ್ಜೆ 8: ಜಕಾತ್

ಮಾರಿ ಲಾಭ ಮಾಡುವ ಉದ್ದೇಶಕ್ಕೇ ಇಟ್ಟುಕೊಂಡ ಷೇರಾದರೆ ಅದು ವ್ಯಾಪಾರದ ಸರಕು. ಜಕಾತ್ ಲೆಕ್ಕ ಮಾಡುವ ದಿನದ ಪೇಟೆ ಬೆಲೆಯ ಮೇಲೆ 2.5%. ಮೂರು ಲಕ್ಷದ ಷೇರಿದ್ದರೆ 7,500 ರೂಪಾಯಿ. ಡಿವಿಡೆಂಡ್‌ಗಾಗಿ ವರ್ಷಗಟ್ಟಲೆ ಇಟ್ಟುಕೊಂಡದ್ದಾದರೆ, ಕಂಪನಿಯ ಕಟ್ಟಡಕ್ಕೂ ಯಂತ್ರಕ್ಕೂ ಜಕಾತ್ ಇಲ್ಲ. ಅದರ ನಗದು, ದಾಸ್ತಾನು, ಬರಬೇಕಾದ ಬಾಕಿ ಇವುಗಳಲ್ಲಿ ನಿಮ್ಮ ಪಾಲಿಗೆ ಬರುವುದರ ಮೇಲೆ ಮಾತ್ರ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಷೇರಿಗೆ 120 ರೂಪಾಯಿಯಂತೆ ಬಿದ್ದರೆ 100 ಷೇರಿಗೆ 12,000, ಅದರ ಜಕಾತ್ 300. ಕೊಳ್ಳುವಾಗಿನ ನಿಯತ್ತು, ಅಂದರೆ ಉದ್ದೇಶ, ಏನಿತ್ತು ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಕೊಂಡ ದಿನವೇ ಒಂದು ಸಾಲು ಬರೆದಿಡಿ.

ಬಂಗಾರದ ಆಭರಣದಲ್ಲಿ ಮದ್ಹಬುಗಳು ಬೇರೆಯಾಗುತ್ತವೆ. ಹನಫಿಗಳಲ್ಲಿ ತೊಡುವ ಆಭರಣಕ್ಕೂ ಜಕಾತ್ ಇದೆ, ಶಾಫಿಗಳಲ್ಲಿ ಮಾಮೂಲಾಗಿ ತೊಡುವಷ್ಟಕ್ಕೆ ಇಲ್ಲ. ಷೇರಿನ ಲೆಕ್ಕ ಮಾಡುವಾಗ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಬರೆದು ನಿಮ್ಮ ಉಸ್ತಾದರಿಗೆ ತೋರಿಸುವುದು ಒಳ್ಳೆಯದು. ಬರೀ “ಷೇರಿಗೆ ಜಕಾತ್ ಎಷ್ಟು” ಎಂದು ಕೇಳಿದರೆ ಅವರೇನು ಹೇಳಬೇಕು? ಎಷ್ಟು ಷೇರು, ಯಾವ ನಿಯತ್ತು, ಎಷ್ಟು ಸಾಲ, ಎಷ್ಟು ನಗದು ಎಂದು ಬರೆದುಕೊಂಡು ಹೋಗಿ.

ಲೆಕ್ಕದ ವರ್ಷ ಹಿಜ್ರಿಯದ್ದು, ಸುಮಾರು 354 ದಿನ. ಮಾರ್ಚ್ 31ಕ್ಕೆ ಲೆಕ್ಕ ಮುಗಿಸುವ ಅಭ್ಯಾಸ ಇರುವವರು ಆ ಹನ್ನೊಂದು ದಿನದ ವ್ಯತ್ಯಾಸ ಸೇರಿಸಿ 2.577% ಕೊಡಬೇಕಾಗುತ್ತದೆ. ನಮ್ಮ ಮನೆಯಲ್ಲಿ ರಮಜಾನ್ 1 ಎಂದು ಗೊತ್ತುಮಾಡಿಕೊಂಡಿದ್ದೇವೆ. ಚಂದ್ರ ಕಂಡ ಸುದ್ದಿ ಬಂದ ರಾತ್ರಿ ತರಾವೀಹ್ ನಮಾಜು ಮುಗಿಸಿ ಬಂದು ತಮ್ಮ ಡಿಮ್ಯಾಟ್ ಸ್ಟೇಟ್‌ಮೆಂಟ್ ತೆಗೆಯುತ್ತಾನೆ, ನಾನು ಪುಸ್ತಕದಲ್ಲಿ ಬೆಲೆ ಬರೆಯುತ್ತೇನೆ, ಉಮ್ಮ ಯಾರ ಮನೆಗೆ ಎಷ್ಟು ಎಂದು ಹೇಳುತ್ತಾರೆ.